ಬಲಶಾಲಿಗಳೂ ನೆರೆಹೊರೆಯವರೂ

ಇತ್ತೀಚೆಗೆ ಮನೆಮಂದಿಯೆಲ್ಲ ಕೂಡಿ ನೋಡಿದ ಮೂರು ಚಿತ್ರಗಳ ಬಗ್ಗೆ ನಾಲ್ಕು ಮಾತು ಬರೆಯಬೇಕೆನಿಸಿದೆ. ಒಂದು ಮಲಯಾಳಂ, ಎರಡು ಕನ್ನಡ. ಒಂದರಲ್ಲಿ ಅತಿಮಾನುಷ ಬಲವುಳ್ಳ ನಾಯಕಿ. ಉಳಿದೆರಡರಲ್ಲಿ ಪ್ರೇತ, ಸಾವು, ತಿಥಿಗಳನ್ನೇ ನಗೆಗೆ ವಸ್ತುವಾಗಿಸಿದ ಕಟುಹಾಸ್ಯ. ಮಕ್ಕಳ ಒಲವು ಮೊದಲನೆಯದರ ಕಡೆಗೆ, ಹಿರಿಯರ ತಕರಾರು ಕೊನೆಯದರ ಮೇಲೆ. ಈ ಎರಡರ ನಡುವೆ ನಿಂತು ಯೋಚಿಸಿದಾಗ ಹೊಳೆದದ್ದು ಇಷ್ಟು: ಚಿತ್ರವೊಂದು ತನ್ನ ನಾಯಕನಿಗೆ ಎಷ್ಟು ಬಲ ಕೊಟ್ಟಿದೆ ಎಂಬುದಕ್ಕಿಂತ, ಅವನ ನೆರೆಹೊರೆಯನ್ನು ಎಷ್ಟು ಬಲ್ಲದು ಎಂಬುದೇ ಮುಖ್ಯ.

ಮೊದಲನೆಯದು 2025ರ ಆಗಸ್ಟಿನಲ್ಲಿ ಬಿಡುಗಡೆಯಾದ ‘ಲೋಕಃ’ ಮಾಲಿಕೆಯ ಮೊದಲ ಭಾಗ ‘ಚಂದ್ರ’. ನಿರ್ದೇಶಕರು ಡೊಮಿನಿಕ್ ಅರುಣ್, ನಾಯಕಿ ಕಲ್ಯಾಣಿ ಪ್ರಿಯದರ್ಶನ್. ಕೇರಳದ ಜನಪದದಲ್ಲಿ ಅಜ್ಜಿಯರು ಹೇಳಿ ಹೆದರಿಸುತ್ತಿದ್ದ ಕಳ್ಳಿಯಂಕಾಟ್ಟು ನೀಲಿ ಎಂಬ ಯಕ್ಷಿಯನ್ನು ಇಂದಿನ ಬೆಂಗಳೂರಿಗೆ ತಂದು, ದುಷ್ಟರನ್ನು ಬಡಿಯುವ ವೀರಳನ್ನಾಗಿ ಮಾಡಿದ್ದಾರೆ. ಅಮೆರಿಕದ ಚಿತ್ರಗಳಿಂದ ಎರವಲು ತಂದ ಮುಸುಕು, ಮೇಲಂಗಿಗಳ ಹಂಗಿಲ್ಲದೆ ತಮ್ಮ ಹಿತ್ತಲಿನ ಕಥೆಯನ್ನೇ ಹೊಸತಾಗಿ ಹೇಳಿದ ಜಾಣ್ಮೆಯನ್ನು ಮೆಚ್ಚದೆ ವಿಧಿಯಿಲ್ಲ. ನೀಲಿ ಯಕ್ಷಿಯಾದದ್ದರ ಹಿಂದಿನ ಅನ್ಯಾಯವನ್ನು ಹೇಳುವ ಭಾಗವಂತೂ ಮನಸ್ಸಿನಲ್ಲಿ ಉಳಿಯುತ್ತದೆ.

ಆದರೆ ಕಥೆ ನಡೆಯುವ ಊರು? ಬೆಂಗಳೂರು ಅಲ್ಲಿ ರಾತ್ರಿಯ ದೀಪಗಳ ಹಿನ್ನೆಲೆಯಷ್ಟೇ. ನಾಯಕಿಯ ಎದುರು ಮನೆಯ ಹುಡುಗರು ಮಲಯಾಳಿಗಳು. ಕನ್ನಡ ಹೆಸರು ಹೊತ್ತು ಎದ್ದು ಕಾಣುವವನು ಖಳನಾದ ಪೊಲೀಸ್ ಅಧಿಕಾರಿ. ಬೆಂಗಳೂರಿನ ಹೆಣ್ಣುಮಕ್ಕಳ ಬಗ್ಗೆ ಅವನಾಡುವ ಮಾತಿಗೆ ಆಕ್ಷೇಪ ಬಂದು, ನಿರ್ಮಾಣ ಸಂಸ್ಥೆಯು ಕ್ಷಮೆ ಕೇಳಿ ಆ ಮಾತನ್ನು ತೆಗೆಯುವುದಾಗಿ ಹೇಳಿದ್ದು ಎಲ್ಲರಿಗೂ ಗೊತ್ತು. ನನಗೆ ಮಾತ್ರ ಆ ಒಂದು ಮಾತಿಗಿಂತ, ಊರಿನಲ್ಲಿ ಊರಿನವರೇ ಇಲ್ಲದ್ದು ಹೆಚ್ಚು ಖಟಕಿತು.

ಸಿಟ್ಟು ಇಳಿದ ಮೇಲೆ ಇನ್ನೊಂದು ಪ್ರಶ್ನೆ ಎದ್ದಿತು. ಪುಣೆಯಲ್ಲಿ ತಲೆಮಾರುಗಳಿಂದ ಬಾಳುತ್ತಿರುವ ನಾವು ಏನು ಮಾಡಿದ್ದೇವೆ? ನಮ್ಮ ಕಥೆಗಳಲ್ಲಿ, ಗಣೇಶೋತ್ಸವದ ನಾಟಕಗಳಲ್ಲಿ ಮರಾಠಿ ನೆರೆಯವರು ಎಷ್ಟು ಸಲ ಪೂರ್ತಿ ಮನುಷ್ಯರಾಗಿ ಬಂದಿದ್ದಾರೆ? ಬಂದರೆ ಮೇಲಿನ ಮಹಡಿಯಿಂದ ಗದರುವ ಕಾಕುವಾಗಿ, ಬಾಡಿಗೆಗಾಗಿ ಜಗಳವಾಡುವ ರಿಕ್ಷಾದವನಾಗಿ. ಬೆಂಗಳೂರಿನ ಮಲಯಾಳಿ ಮಾಡಿದ ತಪ್ಪನ್ನೇ ಪುಣೆಯ ಕನ್ನಡಿಗರೂ ಮಾಡುತ್ತ ಬಂದಿದ್ದೇವೆ ಎಂದರೆ ಓದುಗರು ಮುನಿಯಬಾರದು.

ನೆರೆಹೊರೆಯನ್ನು ಬಲ್ಲ ಚಿತ್ರ ಹೇಗಿರುತ್ತದೆಂಬುದಕ್ಕೆ 2025ರ ಜುಲೈನಲ್ಲಿ ಬಂದ ‘ಸು ಫ್ರಮ್ ಸೋ’ ನಿದರ್ಶನ. ಬರೆದು, ನಿರ್ದೇಶಿಸಿ, ಮುಖ್ಯ ಪಾತ್ರವನ್ನೂ ವಹಿಸಿದವರು ಜೆ. ಪಿ. ತುಮಿನಾಡು. ಕರಾವಳಿಯ ಹಳ್ಳಿಯೊಂದರಲ್ಲಿ ಅಶೋಕನೆಂಬ ತರುಣ ಕುಡಿದ ಮತ್ತಿನಲ್ಲಿ ಬಚ್ಚಲುಮನೆಗೆ ಇಣುಕಿ ಸಿಕ್ಕಿಬೀಳುತ್ತಾನೆ. ಪಾರಾಗಲು ಮೈಮೇಲೆ ಪ್ರೇತ ಬಂದಂತೆ ನಟಿಸುತ್ತಾನೆ. ಸೋಮೇಶ್ವರದ ಸುಲೋಚನಾ ಎಂಬ ಹೆಸರು ಹೊರಬೀಳುತ್ತದೆ. ಅಲ್ಲಿಂದ ಊರಿಗೆ ಊರೇ ನಟನಾಗುತ್ತದೆ: ಸಲಹೆ ಕೊಡುವವರು, ಹೆದರುವವರು, ಹೆದರಿಸುವವರು, ರಾಜ್ ಬಿ. ಶೆಟ್ಟಿಯವರು ಅಭಿನಯಿಸಿದ ಗುರೂಜಿ. ನಿಜವಾದ ಸುಲೋಚನೆಯ ಮಗಳು ತಾಯಿಯ ದನಿಯನ್ನು ಅರಸಿ ಬಂದಾಗ ನಮ್ಮ ನಗು ಗಂಟಲಲ್ಲೇ ನಿಲ್ಲುತ್ತದೆ. ಸುಳ್ಳು ಪ್ರೇತಕ್ಕೆ ಅಷ್ಟೊಂದು ಹೆದರಿದ ಊರು, ಬದುಕಿರುವ ಹೆಣ್ಣಿನ ಕಷ್ಟವನ್ನು ಕಂಡದ್ದು ಎಷ್ಟು ತಡವಾಗಿ! ಆದರೆ ಇಣುಕಿದವನ ತಪ್ಪಿಗೆ ಸಲ್ಲಬೇಕಾದ ತೂಕವನ್ನು ಚಿತ್ರ ಕೊಟ್ಟಿಲ್ಲ. ಅದನ್ನು ಬರಿಯ ನಗೆಗೆ ಪೀಠಿಕೆಯಾಗಿ ಬಳಸಿದ್ದು ನನಗೆ ಒಪ್ಪಿಗೆಯಾಗಲಿಲ್ಲ.

ಮೂರನೆಯದು ಹಳೆಯದು, ಮಕ್ಕಳಿಗೆ ತೋರಿಸಲೆಂದು ಮತ್ತೆ ನೋಡಿದ ‘ತಿಥಿ’. ರಾಮ್ ರೆಡ್ಡಿ ನಿರ್ದೇಶಿಸಿದ ಈ ಚಿತ್ರಕ್ಕೆ 2015ರಲ್ಲಿ ಲೊಕಾರ್ನೋ ಉತ್ಸವದಲ್ಲಿ ಪ್ರಶಸ್ತಿ ಬಂದಿತು. 2016ರಲ್ಲಿ ನಮ್ಮಲ್ಲಿ ತೆರೆಕಂಡಿತು. ಮಂಡ್ಯ ಸೀಮೆಯ ಹಳ್ಳಿಗರೇ ಪಾತ್ರಧಾರಿಗಳು. 101 ವರ್ಷದ ಸೆಂಚುರಿ ಗೌಡ ದಾರಿಹೋಕರನ್ನು ಬೈಯುತ್ತ ಕುಳಿತಿದ್ದವನು ಆರಂಭದಲ್ಲೇ ಸಾಯುತ್ತಾನೆ. ಹನ್ನೊಂದನೆಯ ದಿನದ ತಿಥಿಯೊಳಗೆ ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ಆತುರ. ಅವನ ತಂದೆ ಗಡ್ಡಪ್ಪನಿಗೆ ಆಸ್ತಿಯೂ ಬೇಡ, ಸಹಿಯೂ ಬೇಡ, ಅಲೆದಾಡಿಕೊಂಡಿರುವುದೇ ಸುಖ. ಕಡೆಗೆ ಮಗನು ಬದುಕಿರುವ ತಂದೆಯ ಹೆಸರಿನಲ್ಲಿ ಮರಣ ಪತ್ರ ಮಾಡಿಸಿ, ಅವನನ್ನು ದೂರದ ಪ್ರವಾಸಕ್ಕೆ ಕಳಿಸಲು ಹೊರಡುತ್ತಾನೆ.

ನಮ್ಮ ಅತ್ತೆಯವರು ಮೊದಲಿಗೆ ಮುಖ ತಿರುಗಿಸಿದರು. “ಸತ್ತವರ ಮನ್ಯಾಗ ನಗೂದೇನ್ರಿ ಇದು?” ಎಂದರು. ಆದರೆ ಮರಣ ಪತ್ರದ ಪ್ರಸಂಗ ಬಂದಾಗ ಅವರೇ ಎಲ್ಲರಿಗಿಂತ ಹೆಚ್ಚು ನಕ್ಕರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಊರಿನಲ್ಲಿ ನಾಲ್ಕೆಕರೆ ಹೊಲವಿದ್ದು, ಫೌತಿ ಖಾತೆಗಾಗಿ ರಜೆ ಹಾಕಿ ರೈಲು ಹತ್ತಿದವರಿಗೆ, ತಿಥಿಯ ಊಟದ ಎಲೆ ಎತ್ತುವ ಮೊದಲೇ ಪಹಣಿಯ ಮಾತು ತೆಗೆದ ಬಂಧುಗಳನ್ನು ಕಂಡವರಿಗೆ ಅದು ಯಾಕೆಂದು ಹೇಳಬೇಕಾಗಿಲ್ಲ. ಈ ಚಿತ್ರ ಸತ್ತವನನ್ನು ನೋಡಿ ನಗುವುದಿಲ್ಲ. ಬದುಕಿರುವವರು ಕಾಗದದ ಮೇಲೆ ಒಬ್ಬರನ್ನೊಬ್ಬರು ಸಾಯಿಸುವುದನ್ನು ತೋರಿಸುತ್ತದೆ. ಅದೂ ಯಾರನ್ನೂ ಖಳನನ್ನಾಗಿ ಮಾಡದೆ. ತಮ್ಮಣ್ಣನಿಗೂ ಅವನದೇ ಸಂಕಟವಿದೆ. ಕೊನೆಯಲ್ಲಿ ಯಾರೂ ಹಾರಿ ಬಂದು ಯಾರನ್ನೂ ಕಾಪಾಡುವುದಿಲ್ಲ.

ಹಾಗೆಂದು ಬಲಶಾಲಿಗಳ ಕಥೆ ನಮಗೆ ಬೇಡವೆಂದಲ್ಲ. 1977ರ ‘ಬಭ್ರುವಾಹನ’ವನ್ನು ನೆನೆಯಿರಿ. ಅದರ ವೀರನಿಗೂ ಅಪಾರ ಬಲವಿತ್ತು. ಆದರೆ ಅವನೆದುರು ನಿಂತದ್ದು ಸ್ವಂತ ತಂದೆ, ಹಿಂದೆ ನಿಂತದ್ದು ತಾಯಿಯ ಮಾನ. ಬಲಕ್ಕೆ ಬೆಲೆ ಬಂದದ್ದು ಆ ಸಂಬಂಧಗಳಿಂದ. ಇಂಥ ಕಥೆಯನ್ನು ಇಂದಿನ ಬೆಂಗಳೂರಿಗೋ ಹುಬ್ಬಳ್ಳಿಗೋ ತರುವ ಕೆಲಸವನ್ನು ಕನ್ನಡದವರೂ ಮಾಡಲಿ ಎಂಬುದು ನನ್ನ ಆಸೆ. ಅಲ್ಲಿಯವರೆಗೆ ಈ ಮೂರನ್ನೂ ಮಕ್ಕಳೊಂದಿಗೆ ಕುಳಿತು ನೋಡಿ. ಮುಂದಿನ ಗಣೇಶೋತ್ಸವಕ್ಕೆ ನಾಟಕ ಬರೆಯುವವರು, ಪಕ್ಕದ ಮನೆಯ ಕಾಕುವಿಗೆ ಈ ಸಲ ನಾಲ್ಕು ಒಳ್ಳೆಯ ಮಾತು ಕೊಡಬೇಕೆಂದು ಕೇಳಿಕೊಳ್ಳುತ್ತೇನೆ.