ಹೆಸರಿಟ್ಟವನು ಮತ್ತು ನೋಡಿದವಳು: ಸಮಾಜಶಾಸ್ತ್ರದ ಉಗಮವನ್ನು ಕುರಿತು ಒಂದು ವಿಮರ್ಶೆ

ಒಂದು ಶಾಸ್ತ್ರದ ಉಗಮವನ್ನು ಅದರ ಹೆಸರು ಹುಟ್ಟಿದ ಕಾಲದಿಂದ ಎಣಿಸಬೇಕೆ, ಅದರ ಸಾಧನಕ್ರಮ ಹುಟ್ಟಿದ ಕಾಲದಿಂದ ಎಣಿಸಬೇಕೆ ಎಂಬುದು ಸುಲಭವಾಗಿ ಬಗೆಹರಿಯುವ ಪ್ರಶ್ನೆಯಲ್ಲ. ಸಮಾಜಶಾಸ್ತ್ರದ ವಿಷಯದಲ್ಲಿ ಇದಕ್ಕೆ ವಿಶೇಷವಾದ ಮಹತ್ತ್ವವಿದೆ. ಪಠ್ಯಗ್ರಂಥಗಳು ಸಾಮಾನ್ಯವಾಗಿ ಫ್ರಾನ್ಸಿನ ಆಗಸ್ಟ್ ಕಾಮ್ಟ್‌ನನ್ನು (1798-1857) ಈ ಶಾಸ್ತ್ರದ ಪಿತಾಮಹನೆಂದು ಕರೆಯುತ್ತವೆ. ತನ್ನ ಆರು ಸಂಪುಟಗಳ ಮಹಾಗ್ರಂಥದ ನಾಲ್ಕನೆಯ ಸಂಪುಟದಲ್ಲಿ, 1839ರಲ್ಲಿ, ‘ಸೋಸಿಯಾಲಜಿ’ ಎಂಬ ಪದವನ್ನು ಬಳಕೆಗೆ ತಂದವನು ಆತನೇ. ಆದರೆ ಅದಕ್ಕೆ ಒಂದು ವರ್ಷ ಮೊದಲು, 1838ರಲ್ಲಿ, ಇಂಗ್ಲೆಂಡಿನ ಹ್ಯಾರಿಯೆಟ್ ಮಾರ್ಟಿನೋ (1802-1876) ಎಂಬ ಲೇಖಕಿ ಒಂದು ಜನಸಮುದಾಯದ ನಡೆವಳಿಕೆಯನ್ನು ಹೇಗೆ ನೋಡಬೇಕು ಎಂಬುದನ್ನೇ ವಸ್ತುವಾಗಿ ಇಟ್ಟುಕೊಂಡ ಗ್ರಂಥವೊಂದನ್ನು ಪ್ರಕಟಿಸಿದ್ದಳು. ಮೊದಲನೆಯವನು ಶಾಸ್ತ್ರಕ್ಕೆ ಹೆಸರಿಟ್ಟನು. ಎರಡನೆಯವಳು ಅದಕ್ಕೆ ಕಣ್ಣು ಕೊಟ್ಟಳು. ಇವರಿಬ್ಬರಲ್ಲಿ ಒಬ್ಬರ ಕೀರ್ತಿ ಉಳಿದು ಇನ್ನೊಬ್ಬರ ಕೀರ್ತಿ ಬಹುಕಾಲ ಮರೆಯಾದುದು ನ್ಯಾಯವೆ ಎಂಬುದು ವಿಚಾರಣೀಯ.

ಕಾಮ್ಟ್‌ನ ಸಾಧನೆಯನ್ನು ಕಡೆಗಣಿಸುವುದು ಸಾಧುವಲ್ಲ. 1789ರ ಮಹಾಕ್ರಾಂತಿಯ ತರುವಾಯ ಫ್ರಾನ್ಸಿನಲ್ಲಿ ಹಳೆಯ ವ್ಯವಸ್ಥೆ ಕುಸಿದಿತ್ತು, ಹೊಸದು ನೆಲೆಗೊಂಡಿರಲಿಲ್ಲ. ಸಮಾಜವನ್ನು ಕಟ್ಟಿ ನಿಲ್ಲಿಸುವ ಶಕ್ತಿ ಯಾವುದು ಎಂಬ ಪ್ರಶ್ನೆ ಆ ಪೀಳಿಗೆಯ ಚಿಂತಕರನ್ನು ಕಾಡಿತು. ತರುಣ ಕಾಮ್ಟ್‌ನು 1817ರಿಂದ ಕೆಲವು ವರ್ಷ ಸೇಂಟ್ ಸೈಮನ್‌ನ ಕಾರ್ಯದರ್ಶಿಯಾಗಿದ್ದು ಈ ಚಿಂತನೆಯಲ್ಲಿ ಪಳಗಿದನು. ಮಾನವಬುದ್ಧಿಯು ದೈವಿಕ, ತಾತ್ತ್ವಿಕ, ವೈಜ್ಞಾನಿಕ ಎಂಬ ಮೂರು ಅವಸ್ಥೆಗಳನ್ನು ದಾಟಿ ಬರುತ್ತದೆಂದೂ, ಗ್ರಹಗಳ ಚಲನೆಗೆ ನಿಯಮವಿರುವಂತೆ ಸಮಾಜದ ಚಲನೆಗೂ ನಿಯಮವಿದೆಯೆಂದೂ ಆತ ಪ್ರತಿಪಾದಿಸಿದನು. ಈ ಶಾಸ್ತ್ರವನ್ನು ಆತ ಮೊದಲು ‘ಸಾಮಾಜಿಕ ಭೌತಶಾಸ್ತ್ರ’ವೆಂದು ಕರೆದಿದ್ದನು. ಬೆಲ್ಜಿಯಂನ ಖಗೋಳಜ್ಞ ಕೆಟ್ಲೆ ಅದೇ ಹೆಸರನ್ನು 1835ರಲ್ಲಿ ಅಂಕಿಸಂಖ್ಯೆಗಳ ತನ್ನ ಅಧ್ಯಯನಕ್ಕೆ ಬಳಸಿದ ಮೇಲೆ ಕಾಮ್ಟ್‌ನು ಹೊಸ ಪದವನ್ನು ಕಟ್ಟಬೇಕಾಯಿತು. ಸಮಾಜವು ಕೇವಲ ವ್ಯಕ್ತಿಗಳ ಮೊತ್ತವಲ್ಲ, ಅದಕ್ಕೆ ತನ್ನದೇ ಆದ ಧರ್ಮವಿದೆ ಎಂಬ ಆತನ ದರ್ಶನ ನಿಸ್ಸಂದೇಹವಾಗಿ ದೊಡ್ಡದು.

ಆದರೆ ಪ್ರತ್ಯಕ್ಷವೇ ಪ್ರಮಾಣವೆಂದು ಸಾರಿದ ಕಾಮ್ಟ್‌ನು ಪ್ರತ್ಯಕ್ಷವಾಗಿ ನೋಡಿದ್ದೆಷ್ಟು? ಆತನ ಸಂಪುಟಗಳಲ್ಲಿ ಇತಿಹಾಸದ ವಿಶಾಲ ಚಿತ್ರವಿದೆ. ಒಂದು ಊರಿನ, ಒಂದು ಕಾರ್ಖಾನೆಯ, ಒಂದು ಸೆರೆಮನೆಯ ನಿಕಟ ಪರಿಚಯವಿಲ್ಲ. ಸುಮಾರು 1838ರಿಂದ ಆತ ‘ಮೆದುಳಿನ ಆರೋಗ್ಯ’ದ ಹೆಸರಿನಲ್ಲಿ ಸಮಕಾಲೀನರ ಬರವಣಿಗೆಯನ್ನು ಓದುವುದನ್ನೇ ತೊರೆದನು. ಹೊರಗಿನ ಲೋಕವನ್ನು ಅರಿಯುವ ಶಾಸ್ತ್ರಕ್ಕೆ ಹೆಸರಿಡುವ ಹೊತ್ತಿನಲ್ಲಿಯೇ ಹೊರಗಿನ ಬಾಗಿಲನ್ನು ಮುಚ್ಚಿಕೊಂಡದ್ದು ವಿಪರ್ಯಾಸವೆನ್ನದೆ ವಿಧಿಯಿಲ್ಲ. ದೈವಿಕ ಅವಸ್ಥೆ ಮುಗಿದುಹೋಯಿತೆಂದು ಹೇಳಿದ ಅದೇ ವ್ಯಕ್ತಿ ಮುಂದೆ ‘ಮಾನವತೆಯ ಧರ್ಮ’ವೊಂದನ್ನು ಸ್ಥಾಪಿಸಿ, 1849ರಲ್ಲಿ ಹದಿಮೂರು ತಿಂಗಳುಗಳ ಪಂಚಾಂಗವನ್ನು ರಚಿಸಿ, 1852ರಲ್ಲಿ ಅದಕ್ಕೊಂದು ಪ್ರಶ್ನೋತ್ತರ ಗ್ರಂಥವನ್ನೂ ಬರೆದನು. ನಿಯಮವನ್ನು ಹುಡುಕಹೊರಟವನು ವಿಧಿಯನ್ನು ವಿಧಿಸುವವನಾದನು.

ಮಾರ್ಟಿನೋಳ ಮಾರ್ಗ ಬೇರೆ. ನಾರ್ವಿಚ್ ನಗರದ ಬಟ್ಟೆ ತಯಾರಕನೊಬ್ಬನ ಮಗಳಾದ ಆಕೆಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದಿರಲಿಲ್ಲ. ಬಾಲ್ಯದಲ್ಲಿಯೇ ಕಿವಿ ಮಂದವಾಗಿತ್ತು. ಮನೆಯ ವ್ಯಾಪಾರ ಮುಳುಗಿದ ಮೇಲೆ ಲೇಖನಿಯೇ ಆಕೆಯ ಜೀವನಾಧಾರವಾಯಿತು. 1834ರಲ್ಲಿ ಅಮೆರಿಕೆಗೆ ಹೊರಟು ಎರಡು ವರ್ಷ ಉತ್ತರ-ದಕ್ಷಿಣ ರಾಜ್ಯಗಳಲ್ಲಿ ಸಂಚರಿಸಿದಳು. ಕಹಳೆಯಾಕಾರದ ಶ್ರವಣನಳಿಗೆಯನ್ನು ಕಿವಿಗೆ ಹಿಡಿದು ಜನರ ಮಾತು ಕೇಳುತ್ತಿದ್ದಳು. ಆ ನಳಿಗೆಯಿಂದಾಗಿ ಜನ ಹತ್ತಿರ ಬಂದು ಏಕಾಂತದಲ್ಲಿ ಮನಬಿಚ್ಚಿ ಮಾತನಾಡುತ್ತಿದ್ದರೆಂದು ಆಕೆಯೇ ಹೇಳಿಕೊಂಡಿದ್ದಾಳೆ. ಊನವೇ ಉಪಕರಣವಾದ ಪರಿ ಇದು.

ಈ ಸಂಚಾರದ ಫಲವಾಗಿ 1837ರಲ್ಲಿ ಹೊರಬಂದ ‘ಅಮೆರಿಕೆಯಲ್ಲಿ ಸಮಾಜ’ ಎಂಬ ಗ್ರಂಥದ ಕ್ರಮ ಅತ್ಯಂತ ಗಮನಾರ್ಹವಾದುದು. ಅಮೆರಿಕನ್ನರನ್ನು ಇಂಗ್ಲೆಂಡಿನ ಅಳತೆಗೋಲಿನಿಂದ ಅಳೆಯದೆ, ಎಲ್ಲ ಮನುಷ್ಯರೂ ಸಮಾನರೆಂದು ಅವರೇ ಸಾರಿದ ಸ್ವಾತಂತ್ರ್ಯಘೋಷಣೆಯನ್ನು ಹಿಡಿದು ಆಕೆ ಅವರನ್ನು ಪರೀಕ್ಷಿಸಿದಳು. ನುಡಿಯಲ್ಲಿ ಸಮಾನತೆ, ನಡೆಯಲ್ಲಿ ಗುಲಾಮಗಿರಿ. ನುಡಿಯಲ್ಲಿ ಪ್ರಜೆಗಳ ಸಮ್ಮತಿ, ನಡೆಯಲ್ಲಿ ಸ್ತ್ರೀಯರಿಗೆ ರಾಜಕೀಯ ಅಸ್ತಿತ್ವವೇ ಇಲ್ಲ. ನುಡಿದಂತೆ ನಡೆಯದಿರುವುದನ್ನು ವ್ಯಕ್ತಿಯ ದೋಷವೆಂದು ಎಣಿಸುವುದು ವಚನಗಳ ಅಭ್ಯಾಸಿಗಳಿಗೆ ಚಿರಪರಿಚಿತ. ಅದೇ ಒರೆಗಲ್ಲಿಗೆ ಇಡೀ ರಾಷ್ಟ್ರವೊಂದನ್ನು ಹಚ್ಚಿ ನೋಡಿದ್ದು ಆಕೆಯ ವೈಶಿಷ್ಟ್ಯ. ಗುಲಾಮಗಿರಿಯ ವಿರೋಧಿಗಳ ಸಭೆಯಲ್ಲಿ ತನ್ನ ಅಭಿಪ್ರಾಯವನ್ನು ಬಹಿರಂಗವಾಗಿ ಹೇಳಿದ್ದಕ್ಕಾಗಿ ಪ್ರವಾಸಕಾಲದಲ್ಲಿಯೇ ಬೆದರಿಕೆಗಳನ್ನೂ ಎದುರಿಸಿದಳು.

1838ರ ಗ್ರಂಥದಲ್ಲಿ ಈ ಕ್ರಮಕ್ಕೆ ಶಾಸ್ತ್ರರೂಪ ದೊರೆಯಿತು. ಮೊದಲು ವಸ್ತುಗಳನ್ನು ನೋಡಬೇಕು, ಜನರ ಮಾತನ್ನು ಅವುಗಳಿಗೆ ವ್ಯಾಖ್ಯಾನವಾಗಿ ಬಳಸಬೇಕು ಎಂಬುದು ಅದರ ತಿರುಳು. ಸಮಾಧಿಗಳ ಮೇಲಿನ ಬರಹ, ಸೆರೆಮನೆಗಳ ಸ್ಥಿತಿ, ಜನಪದರ ಹಾಡು, ಆತ್ಮಹತ್ಯೆಯ ಬಗೆಗಳು ಇವೆಲ್ಲ ಒಂದು ಜನತೆಯ ಅಂತರಂಗಕ್ಕೆ ಸಾಕ್ಷಿಗಳು. ನೋಡುವವನು ತನ್ನ ನಾಡಿನ ಪೂರ್ವಗ್ರಹಗಳನ್ನು ಬದಿಗಿಡಬೇಕು, ಆದರೆ ಸಹಾನುಭೂತಿಯನ್ನು ಬಿಡಕೂಡದು. ಎಮಿಲ್ ಡರ್ಖೈಮ್‌ನು ಆತ್ಮಹತ್ಯೆಯನ್ನು ಕುರಿತು ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ್ದು 1897ರಲ್ಲಿ, ಇದಕ್ಕೆ ಐವತ್ತೊಂಬತ್ತು ವರ್ಷಗಳ ತರುವಾಯ.

ಈ ಎರಡು ಧಾರೆಗಳು 1853ರಲ್ಲಿ ಸಂಧಿಸಿದವು. ಕಾಮ್ಟ್‌ನ ಆರು ಸಂಪುಟಗಳನ್ನು ಮಾರ್ಟಿನೋ ಎರಡು ಸಂಪುಟಗಳಿಗೆ ಸಂಗ್ರಹಿಸಿ ಇಂಗ್ಲಿಷಿಗೆ ತಂದಳು. ಕಾಮ್ಟ್‌ನು ಅದನ್ನು ಮೆಚ್ಚಿ ತನ್ನ ಅನುಯಾಯಿಗಳಿಗೆ ಶಿಫಾರಸು ಮಾಡಿದನು. ಮುಂದೆ ಆ ಸಂಗ್ರಹವೇ ಫ್ರೆಂಚ್ ಭಾಷೆಗೆ ಮರಳಿ ಅನುವಾದಗೊಂಡಿತು. ಸ್ತ್ರೀಪುರುಷ ಸಮಾನತೆ ಅಸಾಧ್ಯವೆಂಬ ಕಾಮ್ಟ್‌ನ ಅಭಿಪ್ರಾಯವನ್ನು ಆಕೆ ಒಪ್ಪುವವಳಲ್ಲ. ಆದರೂ ಅದನ್ನು ಮರೆಮಾಡದೆ ಅನುವಾದಿಸಿದಳು. ತನ್ನನ್ನು ಕೀಳ್ಗಳೆಯುವ ಮಾತನ್ನೂ ಯಥಾವತ್ತಾಗಿ ದಾಟಿಸಿದ ಈ ಪ್ರಾಮಾಣಿಕತೆ ಶಾಸ್ತ್ರಜ್ಞರಿಗೆ ಆದರ್ಶಪ್ರಾಯವಾದುದು.

ಹಾಗೆಂದು ಮಾರ್ಟಿನೋಳಲ್ಲಿ ದೋಷವಿಲ್ಲವೆಂದಲ್ಲ. ಕಾರ್ಖಾನೆಗಳಲ್ಲಿ ಯಂತ್ರಗಳಿಗೆ ರಕ್ಷಣಾಬೇಲಿ ಕಡ್ಡಾಯವಾಗಬೇಕೆಂಬ ಶಾಸನವನ್ನು ಆಕೆ 1855ರ ಕಿರುಹೊತ್ತಗೆಯೊಂದರಲ್ಲಿ ಕಟುವಾಗಿ ವಿರೋಧಿಸಿದಳು. ಮುಕ್ತ ವ್ಯಾಪಾರದ ಸಿದ್ಧಾಂತದಲ್ಲಿ ಆಕೆಗಿದ್ದ ನಂಬಿಕೆ ಅಷ್ಟು ಗಾಢವಾಗಿತ್ತು. ಸಾಗರದಾಚೆಯ ಗುಲಾಮನ ಸಂಕಟವನ್ನು ಕಂಡ ಕಣ್ಣು ತನ್ನ ನಾಡಿನ ಗಿರಣಿಯಲ್ಲಿ ಅಂಗಹೀನನಾದ ಕಾರ್ಮಿಕನನ್ನು ಸರಿಯಾಗಿ ಕಾಣಲಿಲ್ಲ. ಸಿದ್ಧಾಂತವು ನೋಟಕ್ಕೆ ಅಡ್ಡ ಬಂದಾಗ ಆಗುವುದು ಇದೇ. ಕಾಮ್ಟ್‌ನಿಗೆ ಆದುದೂ ಇದೇ.

ನೋಟಕ್ಕೂ ಸಿದ್ಧಾಂತಕ್ಕೂ ಇರುವ ಈ ಅಂತರ ಮುಂದಿನ ಆಚಾರ್ಯರನ್ನೂ ಬಿಡಲಿಲ್ಲ. ಡರ್ಖೈಮ್‌ನು 1912ರಲ್ಲಿ ಆಸ್ಟ್ರೇಲಿಯದ ಮೂಲನಿವಾಸಿಗಳ ಆಚರಣೆಗಳ ಆಧಾರದ ಮೇಲೆ ಧರ್ಮದ ಮೂಲವನ್ನು ವಿವರಿಸಿದನು. ಆ ಭೂಖಂಡವನ್ನು ಆತ ಕಂಡವನಲ್ಲ. ಮ್ಯಾಕ್ಸ್ ವೆಬರ್‌ನು 1916-17ರಲ್ಲಿ ಭಾರತದ ಧರ್ಮಗಳನ್ನು ಕುರಿತು ಬರೆಯುವಾಗ ಲಿಂಗಾಯತರನ್ನೂ ಪ್ರಸ್ತಾಪಿಸಿ, ಜಾತಿವ್ಯವಸ್ಥೆಯನ್ನು ತೀವ್ರವಾಗಿ ಪ್ರತಿಭಟಿಸಿ ಹುಟ್ಟಿದ ಪಂಥವು ಪರಿಸರದ ಒತ್ತಡದಿಂದ ಮತ್ತೆ ಜಾತಿಯ ಚೌಕಟ್ಟಿಗೇ ಸರಿಯಿತೆಂದು ಅಭಿಪ್ರಾಯಪಟ್ಟನು. ಈ ಮಾತಿನಲ್ಲಿ ತೀಕ್ಷ್ಣತೆಯಿದೆ. ಅದನ್ನು ಕೇಳಿ ಆತ್ಮಪರೀಕ್ಷೆ ಮಾಡಿಕೊಳ್ಳುವುದು ತಪ್ಪಲ್ಲ. ಆದರೆ ವೆಬರ್‌ನು ಭಾರತಕ್ಕೆ ಬಂದವನಲ್ಲ. ಈ ಮಾತಿಗೆ ಆತನ ಆಧಾರ ಸರ್ಕಾರದ ಜನಗಣತಿ. ಜನರನ್ನು ಜಾತಿವಾರು ಬರೆದುಕೊಳ್ಳುವ ದಾಖಲೆಯಲ್ಲಿ ಜಾತಿಯೇ ಎದ್ದು ಕಾಣುವುದು ಸಹಜ. ಫ. ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾದದ್ದು 1923ರಲ್ಲಿ, ವೆಬರ್‌ನು 1920ರಲ್ಲಿಯೇ ತೀರಿಕೊಂಡಿದ್ದನು. ಮಾರ್ಟಿನೋಳ ಕ್ರಮದಲ್ಲಿ ಜನರು ಯಾವ ನುಡಿಯನ್ನು ತಮ್ಮ ಪ್ರಮಾಣವಾಗಿ ಕೊಂಡಿದ್ದಾರೆಂಬುದನ್ನು ಅರಿಯದೆ ಅವರ ನಡೆಯನ್ನು ತೂಗುವಂತಿಲ್ಲ. ವೆಬರ್‌ನ ತಕ್ಕಡಿಯಲ್ಲಿ ಒಂದು ತಟ್ಟೆ ಬರಿದಾಗಿಯೇ ಇತ್ತು.

ಇದಕ್ಕೆ ಪ್ರತಿಯಾಗಿ ಅಮೆರಿಕೆಯ ಡು ಬೋಯ್ಸ್‌ನು ಫಿಲಡೆಲ್ಫಿಯ ನಗರದ ಏಳನೆಯ ವಾರ್ಡಿನಲ್ಲಿ ವಾಸಿಸಿ, ಮನೆಮನೆಗೆ ಹೋಗಿ ವಿಚಾರಿಸಿ, ಅಲ್ಲಿಯ ಕಪ್ಪು ಜನರ ಜೀವನವನ್ನು 1899ರ ತನ್ನ ಗ್ರಂಥದಲ್ಲಿ ದಾಖಲಿಸಿದನು. ಆತನಿಗೂ ಸಲ್ಲಬೇಕಾದ ಮನ್ನಣೆ ಬಹುಕಾಲ ಸಲ್ಲಲಿಲ್ಲ. ಮಾರ್ಟಿನೋಳ ಹೆಸರು ಶಾಸ್ತ್ರದ ಇತಿಹಾಸಕ್ಕೆ ಮರಳಿದ್ದು 1970ರ ದಶಕದಿಂದೀಚೆಗೆ, ಮುಖ್ಯವಾಗಿ ವಿದುಷಿಯರ ಪ್ರಯತ್ನದಿಂದ.

ಕಾಮ್ಟ್‌ನಿಲ್ಲದೆ ಈ ಶಾಸ್ತ್ರಕ್ಕೆ ತಾನೊಂದು ಶಾಸ್ತ್ರವೆಂಬ ಅರಿವು ಬರುತ್ತಿರಲಿಲ್ಲ. ಆ ಋಣ ಹಿರಿದು. ಆದರೆ ಸಮಾಜವನ್ನು ಅಧ್ಯಯನ ಮಾಡಹೊರಡುವ ವಿದ್ಯಾರ್ಥಿ ಮೊದಲು ಓದಬೇಕಾದುದು 1839ರ ಸಂಪುಟವನ್ನಲ್ಲ, 1838ರ ಚಿಕ್ಕ ಹೊತ್ತಗೆಯನ್ನು. ಓದಿದ ಮೇಲೆ ಅದನ್ನು ಮುಚ್ಚಿಟ್ಟು, ತನ್ನ ಊರಿನ ಬೀದಿಗೆ ಇಳಿದು, ಅಲ್ಲಿಯ ಜನರ ನುಡಿಯನ್ನೂ ನಡೆಯನ್ನೂ ಜೊತೆಯಾಗಿ ನೋಡಬೇಕು.