ಕಲಿಕೆಯ ಶೈಲಿಯೆಂಬ ಅಳತೆಗೋಲು

ಕಣ್ಣಿನಿಂದ ಕಲಿಯುವವರು, ಕಿವಿಯಿಂದ ಕಲಿಯುವವರು ಎಂದು ಪ್ರಶ್ನಾವಳಿಯ ಮೂಲಕ ಮಕ್ಕಳನ್ನು ವಿಂಗಡಿಸಿ, ಅದಕ್ಕನುಗುಣವಾಗಿ ಪಾಠ ಹೇಳಬೇಕೆಂಬ ವಾದವು ಆಕರ್ಷಕವಾದುದು. ಆದರೆ 2008ರಲ್ಲಿ ಪ್ಯಾಷ್ಲರ್ ಮೊದಲಾದ ನಾಲ್ವರು ಮನೋವಿಜ್ಞಾನಿಗಳು ಪರಿಶೀಲಿಸಿದಾಗ ಅದಕ್ಕೆ ಸಾಕಷ್ಟು ಆಧಾರ ದೊರೆಯಲಿಲ್ಲ. ಮಗುವಿನ ಒಲವು ಒಂದು, ಕಲಿಕೆಯ ಫಲ ಮತ್ತೊಂದು. ಭೂಪಟವನ್ನು ನೋಡಿಯೇ ತಿಳಿಯಬೇಕು; ಷಟ್ಪದಿಯ ಲಯವನ್ನು ಕೇಳಿಯೇ ಅರಿಯಬೇಕು. ಬೋಧನೆಯ ಮಾರ್ಗವನ್ನು ನಿರ್ಣಯಿಸುವುದು ವಿಷಯವೇ ಹೊರತು ಶಿಷ್ಯನಿಗೆ ಹಚ್ಚಿದ ಹೆಸರಲ್ಲ.

ಹೈದರಾಬಾದಿನ ಚರಿತ್ರೆಯು ಇದಕ್ಕಿಂತ ನಿಜವಾದ ಭೇದವೊಂದನ್ನು ತೋರುತ್ತದೆ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮೊದಲ ದಶಕಗಳಲ್ಲಿ ಉರ್ದುವೇ ಬೋಧನಮಾಧ್ಯಮವಾಗಿತ್ತು. ಮನೆಯಲ್ಲಿ ಕನ್ನಡವಾಡಿ ಬಂದ ವಿದ್ಯಾರ್ಥಿಯು ದಾಟಬೇಕಾಗಿದ್ದುದು ಕಣ್ಣು ಕಿವಿಗಳ ಅಂತರವನ್ನಲ್ಲ, ಭಾಷೆಯ ಅಂತರವನ್ನು. ಆದುದರಿಂದ ಅಧ್ಯಾಪಕನು ಮೊದಲು ಅಳೆಯಬೇಕಾದುದು, ಶಿಷ್ಯನಿಗೆ ಈಗಾಗಲೇ ಏನು ತಿಳಿದಿದೆ, ಯಾವ ನುಡಿಯಲ್ಲಿ ತಿಳಿದಿದೆ ಎಂಬುದನ್ನು.