ಹರಳೆಣ್ಣೆಯ ನೈಲಾನ್

ನೈಲಾನ್ 11ರ ಕೊಳವೆಯನ್ನು ಕೈಯಲ್ಲಿ ಹಿಡಿದು ಬಾಗಿಸಿ ನೋಡಬೇಕು. ಮಣಿಯುತ್ತದೆ, ಆದರೆ ಸೋಲುವುದಿಲ್ಲ. ಬಿಟ್ಟರೆ ಮೆಲ್ಲಗೆ ನೆಟ್ಟಗಾಗುತ್ತದೆ. ಮೈ ನುಣುಪು, ತುಸು ಮೇಣದ ಸ್ಪರ್ಶ. ಲಾರಿಯ ಏರ್ ಬ್ರೇಕಿಗೆ ಗಾಳಿ ಒಯ್ಯುವ ಈ ಕೊಳವೆ ಹುಟ್ಟುವುದು ಎಳೆಗೂಸಿನ ನೆತ್ತಿಗೆ ಒತ್ತುವ ಹರಳೆಣ್ಣೆಯಿಂದ.

ಹರಳೆಣ್ಣೆಯ ಬಹುಪಾಲು ರಿಸಿನೋಲಿಕ್ ಆಮ್ಲ. ಅದರ ಅಣು 18 ಇಂಗಾಲಗಳ ಸರಪಳಿ. ಒಂಬತ್ತನೆಯ ಇಂಗಾಲದಲ್ಲಿ ಜೋಡಿ ಬಂಧ, ಹನ್ನೆರಡನೆಯದರಲ್ಲಿ ಹೈಡ್ರಾಕ್ಸಿಲ್ ಗುಂಪು. ಕಡಲೆಕಾಯಿ ಎಣ್ಣೆಗೋ ಎಳ್ಳೆಣ್ಣೆಗೋ ಈ ಭಾಗ್ಯವಿಲ್ಲ. ಹರಳೆಣ್ಣೆಯನ್ನು ಮೆಥನಾಲ್ ಜೊತೆ ಬೆರೆಸಿ ಎಸ್ಟರ್ ಮಾಡಿಕೊಂಡು 500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯಿಸಿದರೆ, ಸರಪಳಿ ಮುಖ್ಯವಾಗಿ ಹನ್ನೊಂದು ಮತ್ತು ಹನ್ನೆರಡನೆಯ ಇಂಗಾಲಗಳ ನಡುವೆಯೇ ಕಡಿಯುತ್ತದೆ. ನುರಿತ ಅಕ್ಕಸಾಲಿ ತಂತಿಯನ್ನು ಬೇಕಾದಲ್ಲಿಗೇ ಕತ್ತರಿಸಿದ ಹಾಗೆ! ಎಲ್ಲಿ ಕಡಿಯಬೇಕೆಂಬ ಗುರುತನ್ನು ಗಿಡವೇ ಹಾಕಿಕೊಟ್ಟಿದೆ. ರಸಾಯನಶಾಸ್ತ್ರದಲ್ಲಿ ಇದಕ್ಕಿಂತ ಸೊಗಸಾದ ಏರ್ಪಾಡನ್ನು ನಾನು ಕಂಡಿಲ್ಲ.

ಏಳು ಇಂಗಾಲದ ತುಂಡು ಹೆಪ್ಟಾಲ್ಡಿಹೈಡ್. ಅದೂ ವ್ಯರ್ಥವಲ್ಲ, ಬೆಂಜಾಲ್ಡಿಹೈಡ್ ಜೊತೆ ಸೇರಿಸಿದರೆ ಮಲ್ಲಿಗೆಯ ಪರಿಮಳದ ಸುಗಂಧದ್ರವ್ಯವಾಗುತ್ತದೆ. ಹನ್ನೊಂದರ ತುಂಡಿಗೆ ಹೈಡ್ರೋಜನ್ ಬ್ರೋಮೈಡ್, ಆಮೇಲೆ ಅಮೋನಿಯ ಸೇರಿಸಿ ಅಮೈನೋ ಅನ್‌ಡೆಕನೋಯಿಕ್ ಆಮ್ಲ ಪಡೆಯುತ್ತಾರೆ. ಅದರ ಅಣುಗಳು ನೀರು ಕಳೆದುಕೊಂಡು ಸಾಲಾಗಿ ಕೈಹಿಡಿದರೆ ನೈಲಾನ್ 11. ಇದು ಫ್ರಾನ್ಸಿನ ರಸಾಯನಜ್ಞರ ಸಾಧನೆ. ಮಾರ್ಸೇಯ್‌ನಲ್ಲಿ 1950ರ ದಶಕದಿಂದ ಇದರ ಕಚ್ಚಾ ಆಮ್ಲ ತಯಾರಾಗುತ್ತಿದೆ.

ಗುಣವೆಲ್ಲ ಇರುವುದು ಆ ಹನ್ನೊಂದರ ಉದ್ದದಲ್ಲಿ. ನೈಲಾನಿನಲ್ಲಿ ನೀರನ್ನು ಸೆಳೆಯುವುದು ಅಣುಗಳು ಕೈಹಿಡಿದ ಜಾಗದ ಅಮೈಡ್ ಬಂಧ. ನೈಲಾನ್ 6ರಲ್ಲಿ ಅವು ಒತ್ತೊತ್ತಾಗಿವೆ, ಹಾಗಾಗಿ ಅದು ನೀರಿನಲ್ಲಿ ನೆನೆದರೆ ತೂಕದ ನೂರಕ್ಕೆ ಸುಮಾರು 9ರಷ್ಟು ಹೀರುತ್ತದೆ. ಇಲ್ಲಿ ಅವು ದೂರ ದೂರ. ನೂರಕ್ಕೆ ಸುಮಾರು 2 ಹೀರಿದರೆ ಹೆಚ್ಚು. ಅದಕ್ಕೇ ತೇವದಲ್ಲೂ ಅಳತೆ ಕೆಡದು, ಚಳಿಯಲ್ಲೂ ಸುಲಭವಾಗಿ ಬಿರಿಯದು. ಪೆಟ್ರೋಲು, ಗ್ರೀಸುಗಳಿಗೂ ಜಗ್ಗದು. ಕಡಲಾಳದಿಂದ ಕಚ್ಚಾತೈಲ ತರುವ ಬಳುಕುವ ಪೈಪುಗಳ ಒಳಪದರಕ್ಕೂ ಇದನ್ನು ಬಳಸುತ್ತಾರೆ. ಪುಡಿ ಮಾಡಿ ಬಿಸಿ ಲೋಹದ ಮೇಲೆ ಕರಗಿಸಿದರೆ ತುಕ್ಕು ತಡೆಯುವ ಲೇಪ.

ಗಿಡದಿಂದ ಬಂದಿದ್ದರೂ ಇದು ಮಣ್ಣಿನಲ್ಲಿ ಕೊಳೆಯುವುದಿಲ್ಲ. ಬೆಲೆಯೂ ಮಾಮೂಲು ನೈಲಾನಿಗಿಂತ ಹೆಚ್ಚು. ಬಳಸಿ ಬಿಸಾಡುವ ಸಾಮಾನಿಗೆ ಇದನ್ನು ಸುರಿಯುವುದು ತಪ್ಪು. ವರ್ಷಗಟ್ಟಲೆ ದುಡಿಯಬೇಕಾದ ಬ್ರೇಕಿನ ಕೊಳವೆ, ಇಂಧನದ ಪೈಪುಗಳೇ ಇದಕ್ಕೆ ತಕ್ಕ ಜಾಗ.